ಅಕ್ಕನ ಬೆರಳಿಗೆ ಹಿಡಿದ ಬೆಳಕು

೧
ಸೂರ್ಯನಿಗೆ ಉರಿಯುವುದನ್ನು ಕಲಿಸಿಕೊಟ್ಟವನು ನಾನು.

(ನಗಬೇಡಿ. ಕಥೆ ಎಲ್ಲಿಂದ ಶುರುಮಾಡಬೇಕೆಂದು ತಿಳಿಯದವನು ಇನ್ನೇನು ಮಾಡಿಯಾನು? ಹಿಂದಿನ ಕರಡು ‘ಆಸ್ಪತ್ರೆಯ ಕಾರಿಡಾರಿನಲ್ಲಿ ಮೌನವಿತ್ತು’ ಎಂದಿತ್ತು. ಕಾರಿಡಾರಿನಲ್ಲಿ ಮೌನವೇ? ಹರಿದು ಹಾಕಿದೆ.)

೨
ಅಕ್ಕನಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣದು. ಬ್ರೈಲ್ ಪುಸ್ತಕಗಳ ಕರಡು ತಿದ್ದುತ್ತಾಳೆ. ಒಂದು ಚುಕ್ಕಿ ತಪ್ಪಿದರೂ ಅವಳ ತೋರುಬೆರಳು ಕಿವಿಹಿಂಡಿ ಎಳೆದು ತರುತ್ತದೆ. ಈಗ ಕ್ಯಾನ್ಸರ್, ಕೀಮೋ. ಆ ಔಷಧಿ ಬೆರಳ ತುದಿಯ ನರಗಳನ್ನೇ ಕೆಡಿಸಬಹುದಂತೆ: ಮೊದಲು ಜುಮುಜುಮು, ಆಮೇಲೆ ಉರಿ, ನೋವು, ಮರಗಟ್ಟುವುದು. ಹಾಗಾಗದಿರಲೆಂದು ಕೀಮೋ ದಿನ ಅವಳ ಕೈಗಳನ್ನು ಒಂದು ಪೆಟ್ಟಿಗೆಯೊಳಗೆ ಇಡಿಸಿ ಬೆಳಕು ಹಿಡಿಯುತ್ತಾರೆ. ‘ಬಹುಶಃ ಫಲ ಕೊಡುತ್ತದೆ’ ಎನ್ನುತ್ತಾರೆ ಡಾಕ್ಟರು. ಆ ‘ಬಹುಶಃ’ವನ್ನು ನಾನು ನಂಬುವುದಿಲ್ಲ.

ಅಕ್ಕ ನನ್ನನ್ನೂ ನಂಬುವುದಿಲ್ಲ.

“ಲೋ ಬುರುಡೆ, ದೀಪ ಹತ್ತಿದೆಯೇನೋ? ಬಿಸಿನೇ ಇಲ್ಲ.”

“ಹತ್ತಿದೆಯಾ ಅಂತೀಯಲ್ಲ! ಕೆಂಡದಂಥ ಕೆಂಪು ಅಕ್ಕಾ. ಪಕ್ಕದ ಬೆಡ್‌ನವರು ಕೂಲಿಂಗ್ ಗ್ಲಾಸ್ ಹಾಕ್ಕೊಂಡಿದ್ದಾರೆ.”

“ರೈಲು ಬಿಡಬೇಡ.”

೨, ಮತ್ತೊಮ್ಮೆ
(ಇಲ್ಲಿ ಅಕ್ಕ ಕಥೆಯೊಳಗಿಂದಲೇ ಜಗಳಕ್ಕೆ ನಿಂತಳು. “ಕೊನೇಲಿ ನಾನು ಪುಸ್ತಕ ಎದೆಗೊತ್ತಿಕೊಂಡು ಆನಂದಬಾಷ್ಪ ಸುರಿಸಬೇಕಾ? ಬೇಡಪ್ಪ.” ಸರಿ, ಆ ಅಂತ್ಯ ಕ್ಯಾನ್ಸಲ್. ಇನ್ನೊಂದು: ಬೆರಳುಗಳು ಮರಗಟ್ಟುತ್ತವೆ, ತಮ್ಮನೇ ಅವಳಿಗೆ ಓದಿಹೇಳುತ್ತಾನೆ. “ನೀನಾ? ಇರೋದು ಅರ್ಧ, ಸೇರಿಸೋದು ಅರ್ಧ.” ಅದೂ ಕ್ಯಾನ್ಸಲ್.)

೩
ಸಿಸ್ಟರ್ ಬಂದಾಗ ಅಕ್ಕ ತಣ್ಣಗೆ ಕೇಳಿದಳು: “ಈ ಬೆಳಕು ಯಾವ ಬಣ್ಣ ಸಿಸ್ಟರ್?”

“ಬಣ್ಣ ಎಲ್ಲಿಂದ ಬರಬೇಕಮ್ಮ? ಟೀವಿ ರಿಮೋಟಿನ ಬೆಳಕಿನ ಹಾಗೆ, ಇದು ಯಾರ ಕಣ್ಣಿಗೂ ಕಾಣಲ್ಲ. ಮಷಿನ್ ಮೇಲೆ ‘ಆನ್’ ಅಂತ ಬರತ್ತೆ, ನಾವು ನಂಬ್ತೀವಿ.”

ಅಕ್ಕನ ಮುಖ ನನ್ನ ಕಡೆ ತಿರುಗಿತು.

“ಕೆಂಡದಂಥ ಕೆಂಪು?”

೪
ಓದುಗರೇ, ಸ್ವಲ್ಪ ಪಕ್ಕಕ್ಕೆ ಸರಿಯಿರಿ; ಇದು ಅಕ್ಕನಿಗೆ.

ನನಗೂ ಏನೂ ಕಾಣಲಿಲ್ಲ, ಅಕ್ಕಾ. ಪ್ರತಿ ಸಲ ಬಗ್ಗಿ ನೋಡಿದೆ. ಪೆಟ್ಟಿಗೆಯೊಳಗೆ ಕತ್ತಲು, ಕತ್ತಲಲ್ಲಿ ನಿನ್ನ ಕೈ. ಹೆದರಿಕೆಯಾಯಿತು, ಅದಕ್ಕೇ ಕೆಂಪು ಅಂದೆ.

ಈ ಕಥೆಗೆ ಅಂತ್ಯ ಬರೆಯಲಾರೆ. ನೀನೇ ಕಲಿಸಿದ ಬ್ರೈಲ್‌ನಲ್ಲಿ ಇದನ್ನು ಚುಚ್ಚಿ ಬರೆದಿದ್ದೇನೆ. ಕೀಮೋ ಎಲ್ಲ ಮುಗಿದ ಮೇಲೆ ನಿನ್ನ ಕೈಗೆ ಕೊಡುತ್ತೇನೆ. ಬೆಳಕು ಇತ್ತೋ ಇಲ್ಲವೋ ನಿನ್ನ ಬೆರಳೇ ಹೇಳಲಿ. ಪರೀಕ್ಷೆಗೆಂದು ಬೇಕೆಂದೇ ಅಲ್ಲಲ್ಲಿ ತಪ್ಪು ಬಚ್ಚಿಟ್ಟಿದ್ದೇನೆ.

ಇದೂ ಬುರುಡೆಯೇ. ಬಚ್ಚಿಟ್ಟದ್ದಲ್ಲ, ನನಗೆ ಇನ್ನೂ ನೆಟ್ಟಗೆ ಬರೆಯಲು ಬರುವುದಿಲ್ಲ. ಒಂದನ್ನೂ ಬಿಡದೆ ಹಿಡಿದು ಬೈಯೇ, ಅಕ್ಕಾ.