ವನಿತಾಳ ಸಂಶಯ

"ಡೌಟ್ ಇದ್ರೆ ಕೇಳ್ರಪ್ಪ" ಎಂದು ಮೃತ್ಯುಂಜಯ ಮತ್ತೊಮ್ಮೆ ಹೇಳಿದಾಗ ಹಿಂದಿನ ಬೆಂಚಿನಲ್ಲಿ ಯಾರೋ ಆಕಳಿಸಿದರು.

"ಇದ್ರಲ್ಲೇ ಕೇಳ್ಕತೀವಿ ಬುಡಿ ಸಾ" ಎಂದು ಮುಂದಿನ ಬೆಂಚಿನ ಹುಡುಗಿ ಮೊಬೈಲು ಎತ್ತಿ ತೋರಿಸಿದಳು. ಮಾತಿನಲ್ಲಿ ಕೊಂಕಿರಲಿಲ್ಲ, ಸಾರ್‌ಗೆ ಯಾಕೆ ತೊಂದರೆ ಎಂಬ ಕನಿಕರ. ಕೊಂಕಾಗಿದ್ದರೆ ತಡೆದುಕೊಳ್ಳಬಹುದಿತ್ತು.

ಗುಂಡ್ಲುಪೇಟೆಯ ಆ ಕಾಲೇಜಿನಲ್ಲಿ ಮೃತ್ಯುಂಜಯ ಕಂಪ್ಯೂಟರ್ ಪಾಠ ಹೇಳುತ್ತಿದ್ದದ್ದು ಬೋರ್ಡಿನ ಮೇಲೆ. ಸೀಮೆಸುಣ್ಣದಲ್ಲಿ ಪ್ರೋಗ್ರಾಂ ಬರೆದು, ಪಕ್ಕದಲ್ಲೇ ಅದರ ಉತ್ತರವನ್ನೂ ಬರೆದು, ಒರೆಸಿಬಿಡುತ್ತಿದ್ದ. ಜನ ಬಳಸುವಂಥ ಒಂದು ಪ್ರೋಗ್ರಾಂ ಅವನು ಈವರೆಗೆ ಬರೆದವನಲ್ಲ. ಆದರೂ ಹಿಂದೆಲ್ಲ ಪಾಠ ಮುಗಿದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ಪುಸ್ತಕ ಹಿಡಿದು ನಿಲ್ಲುವವರಿದ್ದರು. ಈಗ ಅಲ್ಲಿ ನಾಯಿಯೂ ನಿಲ್ಲುವುದಿಲ್ಲ.

"ಆ ಎಐ ಅಂತೀರಲ್ಲ, ಹೆಂಗ್ರೀ ಅದು?" ಎಂದು ದಿಲೀಪನನ್ನು ಕೇಳುವಾಗ ಅವನಿಗೆ ನಾಚಿಕೆಯಾಯಿತು. ದಿಲೀಪ ಅತಿಥಿ ಉಪನ್ಯಾಸಕ. ಅವನ ಹಳೆಯ ಶಿಷ್ಯ.

"ಕೋಡು ನೀವು ಬರಿಯದೇ ಬ್ಯಾಡ ಸಾ. ಏನ್ ಬೇಕು ಅಂತ ಕನ್ನಡದಲ್ಲೇ ಏಳಿ. ಅದೇ ಮಾಡ್ಕೊಡ್ತದ."

ಮೃತ್ಯುಂಜಯ ಟೈಪ್ ಮಾಡಿದ: ನನ್ನ ವಿದ್ಯಾರ್ಥಿಗಳು ನನಗೆ ಸಂಶಯ ಕೇಳಲು ಒಂದು ಪುಟ ಬೇಕು.

ಕಾಫಿ ಆರುವುದರೊಳಗೆ ಪುಟ ತಯಾರು. ಒಂದೊಂದು ಸಾಲೂ ಓದ್ರೋ ಎಂದು ಇಷ್ಟು ವರ್ಷ ಗಂಟಲು ಹರಿದುಕೊಂಡವನು, ಅದು ಬರೆದ ಕೋಡಿನಲ್ಲಿ ಒಂದು ಸಾಲನ್ನೂ ಓದಲಿಲ್ಲ. ಲಿಂಕನ್ನು ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕಿ, ಪುಟವನ್ನು ಕೆಳಕ್ಕೆ ಸರಿಸಿದರೆ, ಪ್ರಶ್ನೆಯೊಂದು ಆಗಲೇ ಬಂದು ಕೂತಿತ್ತು.

"ವನಿತಾ: ಸರ್, ಪಾಯಿಂಟರ್ ಎಂದರೇನೆಂದು ಎಷ್ಟು ಓದಿದರೂ ಅರ್ಥವಾಗುತ್ತಿಲ್ಲ. ದಯವಿಟ್ಟು ತಿಳಿಸಿಕೊಡುವಿರಾ?"

ದಯವಿಟ್ಟು! ಊಟದ ಡಬ್ಬಿ ತೆರೆಯದೆ ಬರೆಯಲು ಕೂತ. ಪಾಯಿಂಟರ್ ಎಂದರೆ ಮನೆಯಲ್ಲ ವನಿತಾ, ಮನೆಯ ವಿಳಾಸ. ವಿಳಾಸ ಇದ್ದ ಮಾತ್ರಕ್ಕೆ ಅಲ್ಲಿ ಯಾರೋ ಇದ್ದಾರೆಂದು ನಂಬಬಾರದಮ್ಮ. ಇಷ್ಟು ಚೆನ್ನಾಗಿ ಅವನು ಕ್ಲಾಸಿನಲ್ಲಿ ಎಂದೂ ಹೇಳಿರಲಿಲ್ಲ.

ಮಧ್ಯಾಹ್ನ ಕ್ಲಾಸಿಗೆ ಹೋದವನೇ ಕೇಳಿದ: "ವನಿತಾ ಯಾರಮ್ಮ? ಉತ್ತರ ನೋಡಿದ್ಯಾ?"

ಹಾಜರಿಗೆ ನಂಬರಷ್ಟೇ ಕೂಗುವ ಅವನಿಗೆ ಯಾರ ಹೆಸರೂ ಗೊತ್ತಿರಲಿಲ್ಲ.

ಹುಡುಗಿಯರು ಮುಖ ಮುಖ ನೋಡಿಕೊಂಡರು. "ವನಿತಾ ಅಂತ ನಮ್ಮಲ್ಲಿ ಯಾರೂ ಇಲ್ವಲ್ಲ ಸಾ."

ಸ್ಟಾಫ್ ರೂಮಿನಲ್ಲಿ ದಿಲೀಪ ಪುಟ ನೋಡಿ ನಕ್ಕುಬಿಟ್ಟ. "ಅಯ್ಯೋ ಸಾ, ಇದು ಸ್ಯಾಂಪಲ್ಲು. ಪುಟ ಖಾಲಿ ಕಾಣ್ಬಾರ್ದು ಅಂತ ಅದೇ ಒಂದ್ ಎಸ್ರು, ಒಂದ್ ಪ್ರಶ್ನೆ ಆಕಿರ್ತದ. ಅಳಿಸ್ಬುಡಿ."

"ಗೊತ್ತು ಬಿಡ್ರೀ. ಸುಮ್ನೆ ಟೆಸ್ಟ್ ಮಾಡ್ದೆ."

ದಿಲೀಪ ನಗು ನಿಲ್ಲಿಸಿ, "ಹೂಂ ಸಾ" ಎಂದ. ಅದೇ ಹೆಚ್ಚು ಉರಿಯಿತು.

ಸಂಜೆ ಚಾಮರಾಜನಗರದ ಬಸ್ಸಿನಲ್ಲಿ ಗುಂಪು ತೆರೆದು ನೋಡಿದ. ಲಿಂಕನ್ನು ಎಲ್ಲರೂ ನೋಡಿದ್ದರು. ಯಾರೋ ಒಬ್ಬರು ಹೆಬ್ಬೆರಳು ಎತ್ತಿದ್ದರು. ಪುಟದಲ್ಲಿ ವನಿತಾ ಒಬ್ಬಳೇ.

ಅವನು ಯಂತ್ರವನ್ನು ಕೇಳಿದ: ವನಿತಾಳನ್ನು ಹಾಕಿದ್ದು ನೀನೇನಾ?

"ಹೌದು, ಕ್ಷಮಿಸಿ. ಅದು ಮಾದರಿಯಷ್ಟೇ. ತೆಗೆದುಹಾಕಲೇ?"

ಬೇಡ, ಎಂದು ಬರೆದ. ತೆರಕಣಾಂಬಿಯಲ್ಲಿ ಜನ ಇಳಿದರು, ಹತ್ತಿದರು. ಪಕ್ಕದಲ್ಲಿ ಕೂತವನಿಗೆ ಕಾಣದಂತೆ ಅಂಗೈ ಮರೆಮಾಡಿಕೊಂಡು ಮತ್ತೆ ಬರೆದ: ನನ್ನ ಉತ್ತರಕ್ಕೆ ಅವಳ ಕೈಲಿ ಏನಾದರೂ ಹೇಳಿಸು.

ಕಣ್ಣು ಮಿಟುಕಿಸುವುದರೊಳಗೆ ಪುಟದಲ್ಲಿ ಹೊಸ ಸಾಲು ಮೂಡಿತು.

"ವನಿತಾ: ಧನ್ಯವಾದಗಳು ಸರ್. ಎಲ್ಲವೂ ಅರ್ಥವಾಯಿತು. ನನಗೆ ಇನ್ನು ಯಾವ ಸಂಶಯವೂ ಇಲ್ಲ."