ಗವಿಸಿದ್ದಪ್ಪನ ಬೋಣಿ

ಬಳ್ಳಾರಿಯ ಕೌಲ್ ಬಜಾರಿನ ಆ ಸಂದಿಯ ಮೂಲೆಗೆ ಬಂದೊಡನೆ ಗವಿಸಿದ್ದಪ್ಪ ಸೈಕಲ್ಲಿನಿಂದ ಇಳಿದ. ಆಚೀಚೆ ನೋಡಿದ. ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಬಗ್ಗಿ, ಹಿಂದಿನ ಗಾಲಿಯ ವಾಲ್ವು ಸಡಿಲಿಸಿ, ಕಲ್ಲಿನಂತಿದ್ದ ಟೈರಿನ ಗಾಳಿಯನ್ನು ಬುಸ್ಸೆಂದು ಬಿಟ್ಟುಬಿಟ್ಟ. ನಿನ್ನೆ ಮುಂಜಾನೆ ಹೊಡೆಸಿದ ಗಾಳಿ ಅದು. ಮೊನ್ನೆಯದನ್ನೂ ಹೀಗೇ ಬಿಟ್ಟಿದ್ದ. ತುಂಬಿದ ಗಾಲಿಗೆ ಗಾಳಿ ಹೊಡಿ ಅಂದರೆ ಸೈಕಲ್ ಶಾಪಿನ ಓಬಣ್ಣ ಮರ್ಯಾದಸ್ಥ, ದುಡ್ಡು ಮುಟ್ಟುವುದಿಲ್ಲ. ದುಡ್ಡು ಮುಟ್ಟದಿದ್ದರೆ ಅದು ಬೋಣಿ ಹೇಗಾದೀತು?

"ಬಂದ್ಯಾ ಮಾರಾಯ!" ಓಬಣ್ಣ ಪಂಪು ಹಿಡಿದುಕೊಂಡೇ ಎದ್ದ. "ನಿನ್ನ ದಾರೀನ ಕಾಯಾಕ ಹತ್ತಿದ್ದೆ. ಈ ಯಪ್ಪ ಪಂಚರ್ ಹಾಕು ಅಂತ ಆವಾಗ್ಲೇ ಬಂದು ನಿಂತಾನ. ತಡೀರಿ, ಬೋಣಿ ಆಗ್ಲಿ ಅಂತ ನಿಂದ್ರಿಸೀನಿ."

ಪಂಚರಿನವನು ಗವಿಸಿದ್ದಪ್ಪನನ್ನು ತಿಂದುಬಿಡುವ ಹಾಗೆ ನೋಡಿದ. ಗವಿಸಿದ್ದಪ್ಪನಿಗೆ ಅದರಿಂದಲೂ ಖುಷಿಯೇ ಆಯಿತು. ನಾಣ್ಯ ಕೊಟ್ಟ. ಓಬಣ್ಣ ಅದನ್ನು ಕಣ್ಣಿಗೊತ್ತಿಕೊಂಡು ಡಬ್ಬಿಗೆ ಹಾಕಿದ. ಅಲ್ಲಿಂದ ಹೂವಿನ ಪಾರಮ್ಮನ ಬುಟ್ಟಿ. ಒಂದು ಮೊಳ ಮಲ್ಲಿಗೆ ತೆಗೆದುಕೊಂಡ. ಮುಡಿಯಲು ಮನೆಯಲ್ಲಿ ಯಾವ ಹೆಣ್ಣೂ ಇಲ್ಲ, ಬಾಡಿಗೆ ಖೋಲಿಯ ಗೋಡೆಯ ಬಸವಣ್ಣನಿಗೇ ದಿನಾ ಮಾಲೆ. ಕೊನೆಗೆ ಅಂಬಮ್ಮನ ಮಂಡಕ್ಕಿ-ಮಿರ್ಚಿ ಅಂಗಡಿ.

ಇದೆಲ್ಲ ಶುರುವಾದದ್ದು ಅಂಬಮ್ಮನಿಂದಲೇ. ಗಂಡ ಬಿಟ್ಟು ಹೋದ ಮೇಲೆ, ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು, ಒಂದು ಬಾಂಡ್ಲಿ, ಒಂದು ಸ್ಟೋವು ಇಟ್ಟುಕೊಂಡು ಅಂಗಡಿ ತೆಗೆದ ದಿನ ಮೊಟ್ಟಮೊದಲು ಬಂದು ಕೂತವನು ಈ ಗವಿಸಿದ್ದಪ್ಪ. ಎಪ್ಪತ್ತೇಳರಲ್ಲಿ ಬಿ.ಕಾಂ. ಪಾಸಾಗಿ, ಕುರುಗೋಡಿನಿಂದ ಬಳ್ಳಾರಿಗೆ ಬಂದು, ಕೆಲಸಕ್ಕಾಗಿ ಕಂಡ ಕಂಡ ಬಾಗಿಲು ಬಡಿಯುತ್ತಿದ್ದ ಹುಡುಗ. ಆ ದಿನ ಹಿಟ್ಟು ಮಧ್ಯಾಹ್ನದೊಳಗೆ ಖಾಲಿಯಾಯಿತು. 'ನಿನ್ನ ಕೈಗುಣ ಭಾರಿ ಚಲೋ ಐತಿ ತಮ್ಮ' ಎಂದಳು ಅಂಬಮ್ಮ. ಅವಳ ಬಾಯಿಂದ ಓಬಣ್ಣನಿಗೆ, ಓಬಣ್ಣನಿಂದ ಪಾರಮ್ಮನಿಗೆ ಸುದ್ದಿ ಹೋಯಿತು. ಅಲ್ಲಿಂದೀಚೆಗೆ ದಿನದ ಮೊದಲ ವ್ಯಾಪಾರ ಗವಿಸಿದ್ದಪ್ಪನದೇ ಆಗಬೇಕು.

ಅವನಿಗೆ ಕೈಗುಣದಲ್ಲಿ ನಂಬಿಕೆ ಇರಲಿಲ್ಲ. ಆದರೆ ಮೇನ್ ರೋಡಿನಲ್ಲಿ ಫ್ಯಾನು, ಕಲ್ಲಿನ ಮೇಜು ಹಾಕಿ ದೊಡ್ಡ ಹೋಟೆಲ್ಲೊಂದು ಎದ್ದ ಮೇಲೆ ಸಂದಿಯ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದುದನ್ನು ಕಣ್ಣಾರೆ ಕಂಡಿದ್ದ. ಆ ಹೋಟೆಲಿಗೆ ಅವನು ಕಾಲಿಟ್ಟವನಲ್ಲ. ಗೆಳೆಯರು ಕರೆದರೆ ಜಗಳಕ್ಕೇ ನಿಲ್ಲುತ್ತಿದ್ದ. "ಆ ಸಾವುಕಾರ ಹೆಂಗೂ ಬದುಕ್ತಾನಲೇ. ಈ ಸಣ್ಣ ಮಂದಿ ಕಡಿ ನಾವು ಹೋಗಲಿಲ್ಲಂದ್ರ ಯಾರು ಹೋಗ್ತಾರ?" ಎಂದು ಕೈ ಹಿಡಿದು ಅಂಬಮ್ಮನ ಬೆಂಚಿಗೆ ಎಳೆದು ತರುತ್ತಿದ್ದ. ಸಂಜೆಯ ಚಹಾ ಬಿಟ್ಟು ಬೋಣಿಗೆ ಚಿಲ್ಲರೆ ಉಳಿಸುತ್ತಿದ್ದ. ನಿಜ ಹೇಳಬೇಕೆಂದರೆ, ಇಡೀ ಬಳ್ಳಾರಿಯಲ್ಲಿ ಅವನ ದಾರಿ ಕಾಯುವವರು ಇದ್ದದ್ದು ಈ ಸಂದಿಯೊಂದರಲ್ಲೇ. ಬೇರೆಲ್ಲ ಕಡೆ 'ಜಾಗ ಖಾಲಿ ಇಲ್ಲ' ಅನ್ನಿಸಿಕೊಂಡು ಬಂದವನಿಗೆ ಇಲ್ಲಿ 'ಬಂದ್ಯಾ ಮಾರಾಯ' ಅನ್ನುತ್ತಿದ್ದರು. ಅಷ್ಟಕ್ಕೇ ಅವನ ಎದೆ ತುಂಬುತ್ತಿತ್ತು.

ಪಂಚರಿನವನನ್ನು ಕಾಯಿಸಿದ ಆ ದಿನ ಅವನು ಮಿರ್ಚಿ ಕಚ್ಚುತ್ತಾ, "ಅಂಬಕ್ಕ, ಸಿರುಗುಪ್ಪದಾಗ ಕೆಲಸ ಆತು ಅಂತ ತಿಳ್ಕೋ" ಎಂದ.

ಅಲ್ಲಿನ ಅಕ್ಕಿ ಗಿರಣಿಯ ಸಾವುಕಾರ ತಿಪ್ಪೇರುದ್ರಪ್ಪ ಅವನ ಅಕ್ಷರ, ಲೆಕ್ಕ ಎರಡನ್ನೂ ನೋಡಿ ಮೆಚ್ಚಿದ್ದ. 'ಗಲ್ಲಾದ ಮ್ಯಾಲೆ ಕುಂದ್ರೋ ಕೆಲಸ. ನಮ್ಮ ಗುಮಾಸ್ತ ಮರಿಬಸಪ್ಪ ಬಂದು ನೀ ಇರೋ ಕಡಿ ನಾಕು ಮಂದೀನ ಕೇಳ್ತಾನ. ಅವರು ಹೌದಂದ್ರ ಸೋಮವಾರದಿಂದ ಬಾ' ಎಂದಿದ್ದ. ಯಾರನ್ನು ಕೇಳಲಿ ಅಂದಾಗ ಖೋಲಿಯ ಮಾಲಕರ ಹೆಸರು ಹೇಳಬಹುದಿತ್ತು, ಕಾಲೇಜಿನ ಮೇಷ್ಟ್ರ ಹೆಸರು ಹೇಳಬಹುದಿತ್ತು. ಈ ಪುಣ್ಯಾತ್ಮ ಅಭಿಮಾನದಿಂದ ಹೇಳಿ ಬಂದದ್ದು ಈ ಸಂದಿಯ ಹೆಸರನ್ನು. ಖರ್ಚಿಗೆ ದುಡ್ಡು ಕಳಿಸುತ್ತಿದ್ದ ಕುರುಗೋಡಿನ ಅಣ್ಣ ಮೊನ್ನೆಯಷ್ಟೇ 'ಇದು ಆಗಲಿಲ್ಲಂದ್ರ ಖೋಲಿ ಬಿಟ್ಟು ಊರಿಗಿ ಬಾ, ನನ್ನ ಕೈಲೆ ಇನ್ನ ಆಗಾಂಗಿಲ್ಲ' ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಹೋಗಿದ್ದ.

"ಮರಿಬಸಪ್ಪ ಅನ್ನಾವ್ರು ಬರ್ತಾರ. ನಾಕು ಒಳ್ಳೆ ಮಾತು ಹೇಳ್ರಿ ಅಕ್ಕ."

"ಹೇಳಲಾರದ ಏನು?" ಅಂಬಮ್ಮ ಬಾಂಡ್ಲಿಯಲ್ಲಿ ಮಿರ್ಚಿ ತಿರುವಿದಳು. "ಹೋದ್ರ ಅಲ್ಲೇ ಇರಬೇಕಾಕೈತೇನು?"

"ಮತ್ತ? ಗಿರಣ್ಯಾಗ ಖೋಲಿ ಕೊಡ್ತಾರ."

ಅವಳು ಇನ್ನೊಂದು ಮಿರ್ಚಿ ತಂದು ಅವನ ಕಾಗದದ ಮೇಲೆ ಹಾಕಿದಳು.

ಸೋಮವಾರ ಇಸ್ತ್ರಿ ಅಂಗಿ ಹಾಕಿಕೊಂಡು ಸಿರುಗುಪ್ಪದಲ್ಲಿ ಬಸ್ಸಿಳಿದರೆ ಗಿರಣಿಯ ಗೇಟಿನಲ್ಲೇ ಮರಿಬಸಪ್ಪ ಎದುರಾದ. ಭತ್ತದ ಲಾರಿ ಬಂದಿತ್ತು. ಚೀಲ ಎಣಿಸುತ್ತಲೇ ಮಾತಾಡಿದ.

"ಯಾಕ್ ಬಂದ್ಯೋ ತಮ್ಮ? ಆ ಜಾಗಕ್ಕ ಬ್ಯಾರೆ ಹುಡುಗನ್ನ ತಗೊಂಡೀವಿ."

"ಮಂದೀನ ಕೇಳ್ತೀವಿ ಅಂದಿದ್ರಲ್ರಿ..."

"ಕೇಳಿದ್ನಪ್ಪ. ಹೊಟ್ಟಿ ತುಂಬ ಮಿರ್ಚಿ ತಿಂದು ಕೇಳಿದೆ. ಹುಡುಗ ಚಲೋನ, ಆದ್ರ ಮಟಕಾ ಆಡ್ತಾನ ಅಂದ್ಲು ಆಯಮ್ಮ. ಮಟಕಾ ಆಡಾವನ್ನ ಗಲ್ಲಾದ ಮ್ಯಾಲೆ ಕುಂದ್ರಸಾಕ ನಮಗೇನು ಹುಚ್ಚು ಹಿಡದೈತೇನು?"

"ಸುಳ್ಳು ರೀ! ಓಬಣ್ಣನ್ನ ಕೇಳ್ರಿ, ಸೈಕಲ್ ಶಾಪ್ನಾವ."

"ಅವನ್ನೂ ಕೇಳಿದೆ. ತಲಿ ಕೆಳಗ ಹಾಕಿ, ನನಗೇನು ಗೊತ್ತಿಲ್ರಿ ಅಂದ. ಒಳ್ಳೇವ ಆಗಿದ್ರ ಹಂಗ್ಯಾಕ ಅಂತಿದ್ದ ಹೇಳು."

ಗವಿಸಿದ್ದಪ್ಪ ಇನ್ನೂ ಏನೋ ಹೇಳುತ್ತಿದ್ದ. ಮರಿಬಸಪ್ಪ ಲಾರಿಯ ಕಡೆ ತಿರುಗಿ ಹಮಾಲರ ಮೇಲೆ ಕೂಗಾಡತೊಡಗಿದ.

ಸಂಜೆ ಅವನು ಬಂದು ನಿಂತಾಗ ಅಂಬಮ್ಮ ಬಾಂಡ್ಲಿ ತಿಕ್ಕುತ್ತಿದ್ದಳು.

"ನಾ ಯಾವಾಗ ಮಟಕಾ ಆಡೀನಿ ಅಂಬಕ್ಕ?"

ಅಳುತ್ತಾಳೆ, ಇಲ್ಲ ಅನ್ನುತ್ತಾಳೆ, ದೇವರ ಮೇಲೆ ಆಣೆ ಇಡುತ್ತಾಳೆ ಎಂದುಕೊಂಡಿದ್ದ. ಅವಳು ಬೂದಿಯ ಕೈಯನ್ನು ಸೀರೆಗೆ ಒರೆಸಿಕೊಂಡು, "ನೀ ಎಲ್ಲಿ ಆಡೀದಿ? ನನಗ ಗೊತ್ತಿಲ್ಲೇನು?" ಎಂದಳು.

"ಮತ್ತ ಯಾಕ ಅಂದಿ?"

"ನೀ ಸಿರುಗುಪ್ಪದಾಗ ಹೋಗಿ ಕುಂತ್ರ ನನ್ನ ಬೋಣಿ ಯಾರು ಮಾಡಬೇಕು? ಈ ಸಂದ್ಯಾಗ ಎಷ್ಟು ಅಂಗಡಿ ಮುಚ್ಚಿದವು, ನೀನ ನೋಡೀದಿ. ನಂದೊಂದು ನಡದೈತಿ. ಯಾಕ ನಡದೈತಿ? ನಿನ್ನ ಕೈಯಿಂದ. ಓಬಣ್ಣಗ ನಾನ ಹೇಳಿದ್ದೆ, ಸುಮ್ನಿರು ಅಂತ. ನನಗೂ ಎರಡು ಹೆಣ್ಣದಾವಪ್ಪ."

"ಅದಕ್ಕ ನನ್ನ ಬಾಯಾಗ ಮಣ್ಣು ಹಾಕಿದೇನು?"

"ನೀ ಓದಿದಾವ, ಇವತ್ತಲ್ಲ ನಾಳೆ ಇನ್ನೊಂದು ಸಿಗತೈತಿ. ನಾ ಎಲ್ಲಿ ಹೋಗ್ಲಿ?" ಅವಳ ದನಿ ಮೆತ್ತಗಾಯಿತು. "ಊಟದ ಚಿಂತಿ ಮಾಡಬ್ಯಾಡ. ದಿನಾ ಇಲ್ಲೇ ಉಣ್ಣು, ನಾ ಹಾಕ್ತೀನಿ. ನಾಳೆ ಅಮಾಸಿ ಐತಿ, ಲಗೂನ ಬಾ."

ಇಷ್ಟು ಹೊತ್ತು ತಡೆದುಕೊಂಡಿದ್ದವನಿಗೆ ಆ ಊಟದ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು. ಅಷ್ಟು ಪ್ರೀತಿಯಿಂದ ಹೇಳಿದ್ದಳು ಹಾಳಾದವಳು.  ತಿರುಗಿ ಹೊರಟುಬಿಟ್ಟ.

ಮರುದಿನ ಮುಂಜಾನೆ ಓಬಣ್ಣ ಕರೆದರೂ ನಿಲ್ಲದೆ, ಪಾರಮ್ಮನ ಬುಟ್ಟಿಯ ಕಡೆ ನೋಡದೆ ನೇರ ಬಂದು ಅಂಬಮ್ಮನ ಬೆಂಚಿನ ಮೇಲೆ ಕುಳಿತ. "ಬಿಸಿ ಮಿರ್ಚಿ ಹಾಕು. ಒಗ್ಗರಣಿ ಮಂಡಕ್ಕಿನೂ ಕೊಡು."

ಅಂಬಮ್ಮನಿಗೆ ಹೋದ ಜೀವ ಬಂದಂತಾಯಿತು. ಅಮಾವಾಸ್ಯೆಗೆಂದು ತಲೆಗೆ ಎರೆದುಕೊಂಡಿದ್ದಳು. ಸ್ಟೋವಿಗೆ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ಉದ್ದನೆಯ ಮೆಣಸಿನಕಾಯಿಗಳನ್ನೇ ಆರಿಸಿ ಹಿಟ್ಟಿನಲ್ಲಿ ಅದ್ದಿ ಬಿಟ್ಟಳು. ಮಂಡಕ್ಕಿಯ ಮೇಲೆ ಪುಟಾಣಿ ಕಡಲೆಯ ಪುಡಿ ಉದುರಿಸಿ, ಪಕ್ಕಕ್ಕೆ ಉಳ್ಳಾಗಡ್ಡಿ ಇಟ್ಟು ತಂದುಕೊಟ್ಟಳು. ಅವನು ಕೈಯಲ್ಲಿ ತೆಗೆದುಕೊಂಡ. ಒಂದು ಮಿರ್ಚಿ ಎತ್ತಿ ಮೂಸಿ ನೋಡಿದ. ಮತ್ತೆ ಕಾಗದದ ಮೇಲೇ ಇಟ್ಟು, ಕಾಗದವನ್ನು ಅವಳ ಕಡೆ ಸರಿಸಿದ.

"ಬ್ಯಾಡ."

"ಏನ್ ಬ್ಯಾಡ?"

"ನಿನ್ನ ಮಾಲು ಬ್ಯಾಡ. ವಾಪಸ್ ತಗೋ."

ಮೊದಲ ಗಿರಾಕಿ ಮಾಲು ಮುಟ್ಟಿ, ಬೇಡವೆಂದು ಎದ್ದು ಹೋದರೆ ಆ ದಿನ ಅಂಗಡಿ ಸತ್ತ ಹಾಗೆ. ಅಮಾವಾಸ್ಯೆಯ ದಿನವಂತೂ ಕೇಳುವುದೇ ಬೇಡ. ಅಂಬಮ್ಮ ಓಡಿ ಬಂದು ಅವನ ಅಂಗಿಯ ತುದಿ ಹಿಡಿದಳು. "ಒಂದ ಒಂದು ತುತ್ತು ತಿನ್ನೋ ಯಪ್ಪಾ. ರೊಕ್ಕ ಕೊಡಬ್ಯಾಡ. ನಿನ್ನ ಕಾಲು ಬೀಳ್ತೀನಿ, ಹಿಂಗ ಮಾಡಬ್ಯಾಡ!"

"ಇವತ್ತಷ್ಟ ಅಲ್ಲ ಅಂಬಕ್ಕ. ಇನ್ನ ಮುಂದ ನಿನ್ನ ಅಂಗಡಿ ಹಿಂಗ ಬಿಕೋ ಅಂತಿರತೈತಿ, ನೋಡ್ಕೋ."

ಅಂಗಿ ಕೊಸರಿಕೊಂಡು ಎದ್ದ. ಅವಳ ಮುಖ ಸುಣ್ಣದಂತೆ ಬಿಳುಚಿತ್ತು. ಅದನ್ನು ಕಂಡು ಅವನಿಗೆ ಹಿತವಾಯಿತು, ಸುಳ್ಳು ಯಾಕೆ. ಒಂದು ದಿನವೂ ತನ್ನ ಕೈಗುಣವನ್ನು ನಂಬದಿದ್ದವನು ಆಗ ಮಾತ್ರ ಪೂರ್ತಿ ನಂಬಿದ.

ಖೋಲಿಗೆ ಹೋಗಿ ಬಟ್ಟೆ, ಸರ್ಟಿಫಿಕೇಟು, ಬಸವಣ್ಣನ ಪಟ ಎಲ್ಲ ಟ್ರಂಕಿಗೆ ತುಂಬಿದ. ಮಾಲಕರಿಗೆ ಬೀಗದ ಕೈ ಕೊಟ್ಟ. ಟ್ರಂಕನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ ತಳ್ಳಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟ. ಸಂದಿಯನ್ನು ಹೊಕ್ಕು ಹೋಗುವ ಜರೂರು ಇರಲಿಲ್ಲ. ಖಾಲಿ ಬೆಂಚನ್ನು, ತಲೆಯ ಮೇಲೆ ಕೈ ಹೊತ್ತು ಕೂತ ಅಂಬಮ್ಮನನ್ನು ಕಣ್ಣು ತುಂಬ ನೋಡಿಕೊಂಡೇ ಊರು ಬಿಡಬೇಕೆಂದು ಸುತ್ತು ಹಾಕಿ ಬಂದ.

ಸಂದಿಯಲ್ಲಿ ಸೈಕಲ್ ತಳ್ಳಲೂ ಜಾಗವಿರಲಿಲ್ಲ. ಅಂಬಮ್ಮನ ಅಂಗಡಿಯ ಮುಂದೆ ಜನವೋ ಜನ. ಬೆಂಚು ತುಂಬಿ, ಕಟ್ಟೆ ತುಂಬಿ, ನಿಂತುಕೊಂಡೇ ತಿನ್ನುತ್ತಿದ್ದರು. ಓಬಣ್ಣನ ಶಾಪಿನ ಮುಂದೂ ನಾಲ್ಕಾರು ಸೈಕಲ್ಲು ರಿಪೇರಿಗೆಂದು ಮಗುಚಿ ನಿಂತಿದ್ದವು.

"ಏನ್ರಿ ಇದು?" ಪಕ್ಕದವನನ್ನು ಕೇಳಿದ.

"ದೊಡ್ಡ ಹೋಟೆಲ್ನಾಗ ಕೆಲಸದವರು ಸ್ಟ್ರೈಕ್ ಮಾಡ್ಯಾರ. ಬಾಗ್ಲಾ ಹಾಕೈತಿ. ಮುಂಜಾನಿಂದ ಇಡೀ ಮೇನ್ ರೋಡ್ ಇಲ್ಲೇ ಬಂದೈತಿ ನೋಡ್ರಿ."

ಅಂಬಮ್ಮನ ಹಣೆಯ ಬೆವರು ಕುಂಕುಮದ ಜೊತೆ ಮೂಗಿನ ಮೇಲೆ ಇಳಿಯುತ್ತಿತ್ತು. ಒಂದು ಕೈ ಹಿಟ್ಟಿನಲ್ಲಿ, ಒಂದು ಕೈ ಬಾಂಡ್ಲಿಯಲ್ಲಿ. ಸಾಲಿನ ತುದಿಯಲ್ಲಿ ನಿಂತ ಗವಿಸಿದ್ದಪ್ಪನನ್ನು ತಲೆಯೆತ್ತಿ ನೋಡಿದಳು. ಗುರುತು ಸಿಗದಿರಲು ಸಾಧ್ಯವೇ ಇಲ್ಲ. ಕಣ್ಣಿಗೆ ಕಣ್ಣು ಕೂಡಿತ್ತು. ಅವನು ಬೈಗುಳಕ್ಕೆ ಕಾದ. ಆಣೆ ಮಾಡಿ ಶಾಪ ಹಾಕಲಿ ಎಂದು ಕಾದ.

"ಪಾಳಿ ಐತಪ್ಪ, ಹಿಂದ ನಿಂದ್ರು" ಎಂದಳು ಅಂಬಮ್ಮ. ಎಂದವಳೇ ಬಾಂಡ್ಲಿಯ ಕಡೆ ತಿರುಗಿದಳು.

ಅವನು ನಿನ್ನೆ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ಕುರುಗೋಡಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಸೈಕಲ್ಲಿಗೆ ಸ್ಟ್ಯಾಂಡು ಹಾಕಿ ಅಲ್ಲೇ ನಿಂತ. ಅವನ ಬೆನ್ನಿಗೆ ಇನ್ನಿಬ್ಬರು ಬಂದು ನಿಂತರು.