ಪುಷ್ಪಕದ ಕುಂಚಗಿ ಬಿಚ್ಚಿದ ಅಮೃತಪ್ಪ

ಮುಚ್ಚಿದ್ದನ್ನು ಇನ್ನೊಮ್ಮೆ ಬಿಚ್ಚಿ ನೋಡದೆ ಅಮೃತಪ್ಪನವರು ಜಗತ್ತಿನ ಯಾವ ವಸ್ತುವಿಗೂ ಬೆನ್ನು ತಿರುಗಿಸಿದವರಲ್ಲ. ಮನೆಗೆ ಬೀಗ ಹಾಕಿ, ಮೆಟ್ಟಿಲಿಳಿದು, ಮರಳಿ ಹತ್ತಿ, ಬೀಗ ತೆಗೆದು, ಒಳಗಿಣುಕಿ, ಮನೆ ಇದ್ದಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡು ಅವರು ಮತ್ತೆ ಬೀಗ ಹಾಕುವಷ್ಟರಲ್ಲಿ ಸೋಲಾಪುರದ ಬಸ್ಸು ಅಕ್ಕಲಕೋಟಕ್ಕೆ ಹೋಗಿ, ಜನರನ್ನಿಳಿಸಿ, ತಿರುಗಿ ಬಂದಿರುತ್ತದೆ. ಅವರನ್ನು ಸೃಷ್ಟಿಸಿದ ಬ್ರಹ್ಮನೂ ನೆತ್ತಿಯ ಮುಚ್ಚಳ ಹಾಕಿದ ಮೇಲೆ ಒಳಗೇನೋ ಮರೆತೆನೆಂದು ಒಮ್ಮೆ ಎತ್ತಿ ನೋಡಿರಬೇಕು. ಆ ಕೀಲು ಇನ್ನೂ ಸರಿಯಾಗಿ ಕೂತಿಲ್ಲವೆಂಬುದು ಗೆಳೆಯರಾದ ನಮ್ಮೆಲ್ಲರ ಅಭಿಪ್ರಾಯವಾಗಿತ್ತು. ಆ ಅಭಿಪ್ರಾಯವನ್ನು ನಾವು ನುಂಗಿಕೊಂಡದ್ದು ಒಂದು ಬೆಳಗ್ಗೆ.

ಸೋಲಾಪುರ ಜಿಲ್ಲೆಯ ಭಂಡಾರಕವಠೆಯಲ್ಲಿ ಕಬ್ಬು, ತೊಗರಿ ಬೆಳೆಯುವ ದೊಡ್ಡ ಮನೆತನ ಅವರದು. ತಾರುಣ್ಯದಲ್ಲಿ ದೂರದ ಊರಿನ ಒಂದು ಹಾರಾಟದ ಕ್ಲಬ್ಬಿನಲ್ಲಿ ವಿಮಾನ ರಿಪೇರಿಯ ವಿದ್ಯೆ ಕಲಿತು, ಸರ್ಕಾರದ ಲೈಸೆನ್ಸ್ ಪಡೆದು, ತಂದೆ ತೀರಿಕೊಂಡಾಗ ಹೊಲಕ್ಕೆ ಮರಳಿದರು. ಆ ಕ್ಲಬ್ಬು ಮುಚ್ಚಿದ ಸುದ್ದಿ ಬಂದದ್ದೇ ತಡ, ಅಲ್ಲಿ ಧೂಳು ತಿನ್ನುತ್ತಿದ್ದ ಪುಷ್ಪಕವೆಂಬ ಎರಡು ಸೀಟಿನ ಮುದಿ ವಿಮಾನವನ್ನು ಕೊಂಡು, ರೆಕ್ಕೆ ಕಳಚಿ, ಕಬ್ಬಿನ ಟ್ರೇಲರಿನಲ್ಲಿ ಹೇರಿಕೊಂಡು ಬಂದರು. ಅಂದು ಊರಿಗೆ ಊರೇ ಬಾಯಿ ತೆರೆಯಿತು; ಕೆಲವರದು ಇನ್ನೂ ಮುಚ್ಚಿಲ್ಲ.

ಅವರು ನಡೆಯುವುದೂ ನೇರವಾಗಿ ಅಲ್ಲ. ತಗಡಿನ ಸಂದನ್ನು ಓರೆಗಣ್ಣಿನಿಂದ ಅಳೆದು ಅಳೆದು ಕತ್ತು ಬಲಕ್ಕೆ ವಾಲಿ, ದೇಹ ಕತ್ತನ್ನು ಹಿಂಬಾಲಿಸಿ, ಎದುರಿಗೆ ಬರುವ ಮನುಷ್ಯ ತನ್ನನ್ನು ಕಂಡು ಇವರು ದಾರಿ ಬದಲಿಸಿದರೇನೋ ಎಂದು ತಪ್ಪು ತಿಳಿಯಬೇಕು, ಹಾಗೆ. ಕಾಗೆಗಳು ಒಂದು ಕಾಲೂರಿ ಇನ್ನೊಂದನ್ನು ತಣಿಸಿಕೊಳ್ಳುವ ಸೋಲಾಪುರದ ಬೇಸಿಗೆಯಲ್ಲೂ ಮೈಮೇಲೆ ದಪ್ಪನೆಯ ಖಾಕಿ ಕೋಟು, ಲೋಕದಲ್ಲಿ ಅವರು ಬಿಚ್ಚದ ಏಕೈಕ ವಸ್ತು. ಅದರ ಜೇಬುಗಳ ತುಂಬ ಸ್ಕ್ರೂಗಳು. ಅವರು ಬರುವುದು ಎತ್ತಿನ ಕೊರಳಗೆಜ್ಜೆಯಂತೆ ಹರದಾರಿ ದೂರದಿಂದಲೇ ಕೇಳಿಸುತ್ತದೆ.

ಎಂಜಿನ್ನನ್ನು ಮುಚ್ಚುವ ತೆಳು ತಗಡಿನ ಹೊದಿಕೆಗೆ ವಿಮಾನದವರು ಕೌಲಿಂಗ್ ಎನ್ನುತ್ತಾರೆ. ಅಮೃತಪ್ಪನವರು ಕೂಸಿನ ತಲೆಗೆ ಕಟ್ಟುವ ಟೊಪ್ಪಿಗೆಯ ಹೆಸರಿಟ್ಟು ‘ಕುಂಚಗಿ’ ಎನ್ನುತ್ತಾರೆ. ಅದರ ಬಲಬದಿಯ ತಗಡು ಬಿರಿದಿತ್ತು. ಸೋಲಾಪುರದ ವಿಮಾನದಂಗಳದ ಅಂಚಿನ ಶೆಡ್ಡಿನಲ್ಲಿ ಹೊಸ ತಗಡನ್ನು ಮರಳಿನ ಚೀಲದ ಮೇಲಿಟ್ಟು, ಮರದ ಸುತ್ತಿಗೆಯಿಂದ ಬಾಗು ಬರುವತನಕ ಅವರು ಬಡಿದ ಬಡಿತಕ್ಕೆ ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ವಸಾಹತಿನ ಮಗ್ಗಗಳು ತಾಳ ತಪ್ಪಿ, ಟಾವೆಲ್ಲಿನಲ್ಲಿ ಚಾದರದ ಹೂವು ಮೂಡಿದವೆಂದು ನೂಲಿನ ವ್ಯಾಪಾರಿ ಬಸಣ್ಣ ಆಣೆ ಮಾಡಿ ಹೇಳುತ್ತಾನೆ. ಬಾಗು ಬಂತು. ಆದರೆ ಹೊಸ ತಗಡು ಮೇಲೆ ಕೂತರೆ ಕೆಳಗಿನ ತೂತುಗಳು ಮರೆಯಾಗುತ್ತವಲ್ಲ? ಅದಕ್ಕಾಗಿ ಹೆಂಡತಿ ಸೋನಾಬಾಯಿಯವರ ಮೊಣಕಾಲಿನ ಎಕ್ಸ್‌ರೇ ಹಾಳೆಯನ್ನು ಪಟ್ಟಿಗಳಾಗಿ ಕತ್ತರಿಸಿ, ಒಂದು ತುದಿಯನ್ನು ವಿಮಾನದ ಮೈಗೆ ಅಂಟಿಸಿ, ತೂತಿನ ಗುರುತು ಹಾಕಿ, ಪಟ್ಟಿಯನ್ನು ಹಿಂದಕ್ಕೆ ಮಡಚಿ, ತಗಡು ಇಟ್ಟ ಮೇಲೆ ಅದರ ಮೇಲೆ ಹೊದಿಸಿ ತೂತು ಕೊರೆಯುವ ಜಾಗ ಹಿಡಿದರು.

“ನನ್ನ ಮೊಣಕಾಲಿಗಿ ಎದ್ದ ನಿಂದರೂದ ಆಗವಲ್ದು, ಇವ್ರು ಅದನ್ನ ಹಾರಸಾಕ ಹೊಂಟಾರ!” ಎಂದರು ಸೋನಾಬಾಯಿ.

ತಗಡು ಕೂತರೂ ಅವರಿಗೆ ತೃಪ್ತಿಯಿಲ್ಲ. ಹೆಬ್ಬೆರಳಿನಿಂದ ಅಂಚು ಸವರಿ, “ಕುಂತದ; ಒಪ್ಪಿಲ್ಲ” ಎನ್ನುವರು; ಬಿಚ್ಚಿ, ಕಾನಸೆಂಬ ಅರದಿಂದ ಕೂದಲೆಳೆಯಷ್ಟು ಉಜ್ಜಿ, ಮತ್ತೆ ಕೂರಿಸುವರು. ಬಲವಂತದಿಂದ ಕೂರಿಸಿದ ತಗಡು ಹಾರಾಟದ ನಡುಕಕ್ಕೆ ಬಿರಿಯುತ್ತದೆ, ತಾನಾಗಿ ಒಪ್ಪಿದ್ದು ಬಿರಿಯುವುದಿಲ್ಲ ಎಂಬುದು ಅವರ ವಾದ.

ಅಂತೂ ತಗಡು ಒಪ್ಪಿತು, ಪರವಾನಗಿಗಳೂ ಬಂದವು. ಮೊಮ್ಮಗಳು ಪ್ರಣಿತಾ ವಿಮಾನ ನಡೆಸುವ ಲೈಸೆನ್ಸ್ ಪಡೆದವಳು. ಪುಷ್ಪಕ ಮೊದಲು ಏರುವುದು ತನ್ನ ಕೈಯಲ್ಲೇ ಎಂದು ಹಟ ಹಿಡಿದವಳು. ಕುರನೂರ ಧರಣದ, ಎಂದರೆ ಅಣೆಕಟ್ಟಿನ, ಮೇಲೆ ಒಂದು ಸುತ್ತು ಹಾಕಿ, ಅಕ್ಕಲಕೋಟ ದಾಟಿ ಮರಳುವುದೆಂದು ನಿಶ್ಚಯವಾಯಿತು. ಬೆಳಗ್ಗೆ ಅವಳು ವಿಮಾನವನ್ನು ಸುತ್ತು ಬಂದು, ಮೂಗಿನ ಎರಡೂ ಗಾಳಿಗಂಡಿಗಳಲ್ಲಿ ಇಣುಕಿ ನೋಡಿ, ಸರಿಯಿದೆಯೆಂದು ಹೇಳಿ ಕಚೇರಿಯವರೊಡನೆ ಮಾತನಾಡಲು ಹೋದಳು. ಸೋನಾಬಾಯಿ ಪೂಜೆಗೆ ನಿಂತರು. ಹೆಂಗಸರ ಕಾರ್ಯವೆಂದು ನಮ್ಮನ್ನು ಚಹಾದ ಕಡೆ ಅಟ್ಟಲಾಯಿತು.

ಮರಳಿ ಬಂದಾಗ ಪ್ರಣಿತಾ ಸೀಟಿನಲ್ಲಿ ಕೂತು ಪಟ್ಟಿ ಬಿಗಿದುಕೊಂಡಿದ್ದಳು. ಪುಷ್ಪಕದ ಮೂಗಿನ ಮೇಲೆ ಅರಿಷಿಣ ಕುಂಕುಮ. ಅಮೃತಪ್ಪನವರು ಸ್ಕ್ರೂಡ್ರೈವರ್ ಹಿಡಿದು ಮುಂದೆ ಬಂದರು.

“ಒಮ್ಮೆ ಬಿಚ್ಚತೀನಿ.”

“ಅಜ್ಜಾ, ಆತಾ ಪುರೇ, ಸಾಕಿನ್ನ!” ಎಂದಳು ಪ್ರಣಿತಾ. “ಮುಂಜಾನಿಂದ ಅದನ್ನ ಬಿಚ್ಚೂದ, ಮುಚ್ಚೂದ. ನಾ ನೋಡೀನಲ್ಲ?”

“ಪೂಜಿ ಆದಮ್ಯಾಲ ಬಿಚ್ಚಬ್ಯಾಡ್ರೀ, ಅಪಶಕುನ,” ಎಂದರು ಸೋನಾಬಾಯಿ.

“ಅಮೃತಪ್ಪಾ, ಬಿಸಲ ಏರತದ. ಹುಡುಗೀನ್ನ ಮುದುಕಿ ಮಾಡಿ ಹಾರಸ್ತಿ ಏನು?” ಎಂದ ಬಸಣ್ಣ.

ಎಲ್ಲರೂ ನಕ್ಕೆವು. ಅವರು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿ, ಗಲಗಲ ಸದ್ದು ಮಾಡುತ್ತ ಶೆಡ್ಡಿನ ನೆರಳಿನವರೆಗೆ ಹೋದರು. ಪ್ರಣಿತಾಳ ಕೈ ಚಾಲೂ ಮಾಡುವ ಗುಂಡಿಯತ್ತ ಸರಿಯಿತು. ಆಗ ಗಲಗಲ ಸದ್ದು ತಿರುಗಿ ಬಂತು.

“ಒಪ್ಪಿಲ್ಲ.”

“ಯಾರ ಒಪ್ಪಿಲ್ಲಜ್ಜಾ? ತಗಡಾ?”

“ನಾ.”

ಕಾಲು ಸುತ್ತಿಗೇ ಬಿಡುವ ಸ್ಕ್ರೂಗಳು ಒಂದೊಂದಾಗಿ ಸಡಿಲಿದವು, ತಗಡು ಎದ್ದಿತು. ಮುಂದೆ ಕಂಡದ್ದನ್ನು ಬಣ್ಣಿಸಲು ಉತ್ಪ್ರೇಕ್ಷೆಯ ನನ್ನ ಸರಕೆಲ್ಲ ಖಾಲಿ. ಎಂಜಿನ್ನಿನ ಮೇಲೆ ಹಸಿರು ಕುಪ್ಪಸದ ಖಣ ಹಾಸಿಕೊಂಡಿತ್ತು. ಅದರ ಮೇಲೆ ಅಕ್ಕಿ, ಉತ್ತತ್ತಿ, ಅಡಿಕೆ, ಅರಿಷಿಣಕೊಂಬು, ಒಂದು ಕೊಬ್ಬರಿ ಬಟ್ಟಲು. ಅಕ್ಕಿಕಾಳುಗಳು ಸಿಲಿಂಡರಿನ ಸಂದುಸಂದುಗಳಲ್ಲಿ ಇಳಿದಿದ್ದವು.

ಬಸಣ್ಣನ ಕೈಯಲ್ಲಿದ್ದ ಚಹಾದ ಕಪ್ಪು ವಾಲಿ ಚಹಾ ಅವನ ಧೋತರದ ಮೇಲೆ ಸುರಿಯುತ್ತಿತ್ತು, ಅವನಿಗೆ ಅರಿವಿಲ್ಲ.

“ಉಡಿ ತುಂಬೀನ್ರಿ,” ಎಂದರು ಸೋನಾಬಾಯಿ, ಏನಾಗಿದೆಯೆಂದು ತಿಳಿಯದೆ. “ಪುಷ್ಪಕಾನೂ ಮನಿ ಮಗಳು, ಮೊದಲ್ನೇ ಸಲ ಹೊಸ್ತಿಲಾ ದಾಟತಾಳಲ್ಲ? ಇದರ ಮಡಲ ಯಾವ್ದು ಅಂತ ತಿಳೀಲಿಲ್ಲ. ಆ ಗಂಡ್ಯಾಗ ಒಳಗ ತನಕ ಕೈ ಹಾಕಿ ತುಂಬಿದ್ನಿ.”

ಪ್ರಣಿತಾ ಇಳಿದು ಬಂದು ನೋಡಿದಳು. “ಅಜ್ಜಿ, ಎಂಜಿನ್ ತಂಪಾಗೂ ಗಾಳಿ ಬರೂದು ಅಲ್ಲಿಂದನs. ಖಣ ಅಡ್ಡ ಬಂದಿದ್ರ...” ಧರಣದ ನೀರಿನ ಮೇಲೆ ಕಾದು ಸುಟ್ಟು ನಿಲ್ಲುವ ಎಂಜಿನ್ನನ್ನು ನಾವೆಲ್ಲರೂ ಕಂಡೆವು.

ಸೋನಾಬಾಯಿ ಕುಸಿದು ಕೂತರು. “ಅಯ್ಯs ನಮ್ಮವ್ವಾ, ನನ್ನ ಕೈಲೇ... ನನ್ನ ಕೈಲೇ...” ಅಳುವಿನ ನಡುವೆಯೇ ಅವರಿಗೆ ಎರಡನೆಯ ದಿಗಿಲು ಹತ್ತಿತು. ತುಂಬಿದ ಉಡಿಯನ್ನು ನೆಲಕ್ಕೆ ಚೆಲ್ಲುವಂತಿಲ್ಲ. ಕೊಟ್ಟಾಕೆ ತಿರುಗಿ ತೆಗೆದುಕೊಳ್ಳುವಂತಿಲ್ಲ. ಬರಿದು ಮಾಡಿದರೆ ಹೊರಟ ಹುಡುಗಿಗೆ ಕೇಡು, ಮಾಡದಿದ್ದರೂ ಕೇಡು.

ಅಮೃತಪ್ಪನವರು ಸ್ಕ್ರೂಡ್ರೈವರನ್ನು ಜೇಬಿಗಿಳಿಸಿದರು. ಲಿಂಬೆಹಣ್ಣು ನಿಲ್ಲಿಸಬಹುದಾದ ಮೀಸೆಯ ಆ ಗಂಡಸು ಖಾಕಿ ಕೋಟಿನ ಎರಡೂ ಚುಂಗುಗಳನ್ನು ಹಿಡಿದು, ವಿಮಾನದ ಮುಂದೆ ಮಡಿಲೊಡ್ಡಿ ನಿಂತರು.

“ಹಾಕವ್ವಾ ಪ್ರಣೀ, ನನ್ನ ಉಡಿಗಿ. ಒಂದ ಕಾಳೂ ಉಳಸಬ್ಯಾಡ.”

ಉಡಿ ತುಂಬಿಸಿಕೊಂಡ ಗಂಡಸನ್ನು ನಾನು ಹುಟ್ಟಾ ಕಂಡಿರಲಿಲ್ಲ. ಮೊದಲಿನ ದಿಗ್ಭ್ರಮೆಯೊಳಗೆ ಇದೊಂದು ಬೇರೆಯೇ ದಿಗ್ಭ್ರಮೆ. ಪ್ರಣಿತಾ ಖಣ ಎತ್ತಿ ಹಾಕಿದಳು, ಕೊಬ್ಬರಿ ಹಾಕಿದಳು, ಬ್ರಷ್ಷಿನಿಂದ ಕಾಳು ಕಾಳು ಆಯ್ದು ಹಾಕಿದಳು. ಕೊನೆಗೆ ಬಸಣ್ಣನಿಗೆ ಧ್ವನಿ ಬಂತು: “ತವರಮನಿಗಿ ಯಾವಾಗ ಹೊಂಟಿ ಅಮೃತಪ್ಪಾ?”

“ಹುಡುಗಿ ಇಳದ ಬರಲಿ, ಆಮ್ಯಾಲ.”

ಸೋನಾಬಾಯಿ ಅಳುತ್ತಲೇ ನಕ್ಕುಬಿಟ್ಟರು.

ಒಂದು ಕೈಯಲ್ಲಿ ಮಡಿಲು ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ತೋರಿಸುತ್ತ ಪ್ರತಿ ಸಂದನ್ನೂ ಇನ್ನೊಮ್ಮೆ ನೋಡಿಸಿ, ಅವರು ತಗಡು ಮುಚ್ಚಿಸಿದರು. ಪುಷ್ಪಕ ಏರಿತು. ಅದು ಚುಕ್ಕೆಯಾಗಿ, ಚುಕ್ಕೆಯೂ ಇಲ್ಲವಾಗಿ, ಮತ್ತೆ ಚುಕ್ಕೆಯಾಗಿ ನೆಲ ಮುಟ್ಟುವತನಕ ಅಮೃತಪ್ಪನವರು ಆ ಬಿಸಿಲಿನಲ್ಲಿ ಮಡಿಲು ಬಿಡದೆ ನಿಂತರು. ಕೂರಲಿಲ್ಲ, ನೀರು ಕೇಳಲಿಲ್ಲ. ಪ್ರಣಿತಾ ಓಡಿ ಬಂದು ತನ್ನ ಅಂಗಿಯ ಚುಂಗು ಹಿಡಿದು ಒಡ್ಡಿದಳು. ಅದರಲ್ಲಿ ಅವರು ಉಡಿ ಸುರಿದರು. ಒಂದೆರಡು ಸ್ಕ್ರೂಗಳೂ ಜೊತೆಗೆ ಬಿದ್ದವು.

ಇಂಥವರನ್ನು ಲೋಕ ಸಂಶಯಪಿಶಾಚಿಗಳೆಂದು ಗೇಲಿ ಮಾಡುತ್ತದೆ. ಜಗತ್ತಿನಲ್ಲಿ ವೈರಿಗಳನ್ನು ಹುಡುಕುತ್ತಾರೆಂದು ತಿಳಿಯುತ್ತದೆ. ವೈರಿ ಎಲ್ಲಿ ಕೈ ಹಾಕುತ್ತಾನೆಂಬುದು ಎಲ್ಲರಿಗೂ ಗೊತ್ತು, ಅದಕ್ಕೆ ಬೀಗ ಸಾಕು. ಅಕ್ಕರೆ ಎಲ್ಲಿ ಕೈ ಹಾಕೀತು, ಏನನ್ನು ತುಂಬೀತು ಎಂಬುದನ್ನು ಬಲ್ಲವರು ಮಾತ್ರ, ನಗುವವರ ನಡುವಿನಿಂದ ಹಿಂತಿರುಗಿ ಬಂದು, ಮುಚ್ಚಿದ್ದನ್ನು ಇನ್ನೊಮ್ಮೆ ಬಿಚ್ಚುತ್ತಾರೆ. ಒಳಗೆ ಸಿಕ್ಕಿದ್ದನ್ನು ಯಾರ ಮುಖಕ್ಕೂ ಎಸೆಯದೆ ತಮ್ಮ ಮಡಿಲಲ್ಲಿ ಹಿಡಿದು ನಿಲ್ಲುತ್ತಾರೆ.